ಪೆಟ್ಟಿಗೆಯೊಳಗಣ ಹಗ್ಗ

ಮಕ್ಕಳ ಕಥೆಗಳಿಂದ ಲೋಕಮಾನ್ಯನಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ ಪ್ರಯಾಣದ ಪೆಟ್ಟಿಗೆಯಲ್ಲಿ ಬಟ್ಟೆಬರೆಗಳೊಡನೆ ಒಂದು ಹಗ್ಗವೂ ಇರುತ್ತಿತ್ತು. ತಂಗಿದ ಮನೆಗೆ ಬೆಂಕಿ ಬಿದ್ದರೆ ಕಿಟಕಿಯಿಂದ ಇಳಿದು ಪಾರಾಗಲು ಇಟ್ಟುಕೊಂಡ ಹಗ್ಗವದು. ಸುಮಾರು 30 ಬಾರಿ ಪರದೇಶಯಾತ್ರೆ ಮಾಡಿ ಇಸ್ತಾಂಬುಲಿನವರೆಗೂ ಹೋಗಿಬಂದ ಈತನು ಭಯವನ್ನು ಮನೆಯಲ್ಲಿ ಬಿಟ್ಟು ಹೊರಟವನಲ್ಲ. ಜೊತೆಯಲ್ಲಿಯೇ ಕಟ್ಟಿಕೊಂಡು ಹೋದವನು.

ಆತನು ಜನಿಸಿದುದು 1805ರಲ್ಲಿ, ಡೆನ್ಮಾರ್ಕಿನ ಓಡೆನ್ಸ ಪಟ್ಟಣದಲ್ಲಿ. ತಂದೆ ಪಾದರಕ್ಷೆ ಹೊಲಿಯುವ ಬಡವ. ತಂದೆಯ ತಂದೆಗೆ ಬುದ್ಧಿಭ್ರಮಣೆ. ಮರದಲ್ಲಿ ವಿಚಿತ್ರ ಪ್ರಾಣಿಗಳ ಬೊಂಬೆಗಳನ್ನು ಕೆತ್ತುತ್ತಿದ್ದ ಆ ಮುದುಕನನ್ನು ಬೀದಿಯ ಹುಡುಗರು ಕೂಗುತ್ತ ಅಟ್ಟಿಸಿಕೊಂಡು ಬಂದಾಗ, ಮೊಮ್ಮಗನು ಮೆಟ್ಟಿಲ ಹಿಂದೆ ಅಡಗಿ ನಡುಗಿದ್ದುಂಟು. ತನಗೂ ಒಂದು ದಿನ ಇದೇ ಗತಿಯಾದೀತೆಂಬ ಅಳುಕು ಜೀವಮಾನವೆಲ್ಲ ಆತನನ್ನು ಬಿಡಲಿಲ್ಲ. ಉಳಿದ ಭಯಗಳಿಗೆಲ್ಲ ಇದೇ ಬೇರೆಂದು ಹೇಳಲಾರೆ. ಆದರೆ ಎಲ್ಲಕ್ಕೂ ಹಿರಿಯದು ಇದೇ ಇರಬೇಕು.

ನಾಯಿಗಳೆಂದರೆ ಹೆದರಿಕೆ. ಹುಳುವಿನ ರೋಗ ತಗಲೀತೆಂದು ಹಂದಿಮಾಂಸ ವರ್ಜ್ಯ. ರಹದಾರಿ ಪತ್ರ ಕಳೆದುಹೋದೀತೆಂಬ ಚಿಂತೆ ಬೇರೆ. ರಾತ್ರಿ ಮೇಣದ ಬತ್ತಿಯನ್ನು ತಾನೇ ಆರಿಸಿ ಮಲಗಿದ ಮೇಲೂ, ಎದ್ದು ಬಂದು ಆರಿದೆಯೇ ಎಂದು ನೋಡುವನು. ಆರಿದೆಯೆಂದು ಬುದ್ಧಿಗೆ ಗೊತ್ತು. ಆದರೂ ಕಾಲು ಹಾಸಿಗೆಯಿಂದ ಇಳಿಯುತ್ತಿತ್ತು! ಇಂಥ ಭೀತಿಯ ಬಲ ಇರುವುದು ಇಲ್ಲಿಯೇ: ಅದಕ್ಕೆ ತರ್ಕದ ಒಪ್ಪಿಗೆ ಬೇಕಿಲ್ಲ. ಎದ್ದು ನೋಡಿದ ಕ್ಷಣಕ್ಕೆ ಸಮಾಧಾನ ದೊರೆಯುವುದು ನಿಜ. ಆ ಸಮಾಧಾನದ ರುಚಿಯೇ ಮರುರಾತ್ರಿಯೂ ಎಬ್ಬಿಸುತ್ತದೆ.

1858ರ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ಹೊರಟಿದ್ದ 'ಆಸ್ಟ್ರಿಯ' ಎಂಬ ಹಡಗು ನಡುಸಾಗರದಲ್ಲಿ ಬೆಂಕಿಗೆ ಆಹುತಿಯಾಯಿತು. ಅದರಲ್ಲಿದ್ದ ಆಪ್ತ ಗೆಳತಿ ಹೆನ್ರಿಯೆಟ್ ವುಲ್ಫ್ ಮರಳಲಿಲ್ಲ. ಆಕೆಯ ಕೊನೆಯ ಗಳಿಗೆಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು ಆತನು ಬೆಂದುಹೋದನು. ಕಥೆಗಾರನ ಕಲ್ಪನೆಗೆ ಬಿಡುವೆಲ್ಲಿ? ತವರದ ಸಿಪಾಯಿಗೆ ಜೀವ ಕೊಟ್ಟ ಅದೇ ಶಕ್ತಿ ಹೊಗೆಗೂ ಜ್ವಾಲೆಗೂ ಜೀವ ಕೊಡುತ್ತಿತ್ತು. ಅಮೆರಿಕದ ಅಭಿಮಾನಿಗಳು ಕರೆದರೂ ಆತನು ಆ ಸಾಗರವನ್ನು ಎಂದೂ ದಾಟಲಿಲ್ಲ. ಹಗ್ಗವಿದ್ದರೆ ಕಿಟಕಿಯಿಂದ ಇಳಿಯಬಹುದು, ನಡುಸಾಗರದಲ್ಲಿ ಇಳಿಯುವುದೆಲ್ಲಿಗೆ?

ಜೀವವಿರುವಾಗಲೇ ಹೂಳಿಬಿಟ್ಟಾರೆಂಬುದು ಇನ್ನೊಂದು ಭೀತಿ. ಆ ಶತಮಾನದ ಯೂರೋಪಿನಲ್ಲಿ ಅನೇಕರನ್ನು ಕಾಡಿದ ಭೀತಿಯೇ ಇದು. ಆಂಡರ್ಸನ್ನನು ತಾನು ಸತ್ತಂತೆ ಕಾಣುತ್ತಿರುವುದಷ್ಟೇ ಎಂಬರ್ಥದ ಚೀಟಿಯನ್ನು ಹಾಸಿಗೆಯ ಬಳಿ ಇಟ್ಟು ನಿದ್ರಿಸುತ್ತಿದ್ದನು. 1875ರಲ್ಲಿ, ಕೋಪನ್‌ಹೇಗನ್ನಿನ ಹೊರವಲಯದಲ್ಲಿದ್ದ ಮೆಲ್ಕಿಯೋರ್ ಕುಟುಂಬದ ಮನೆಯಲ್ಲಿ ಮರಣಶಯ್ಯೆಯಲ್ಲಿದ್ದಾಗ, ಉಸಿರು ನಿಂತ ಮೇಲೆ ತನ್ನ ರಕ್ತನಾಳಗಳನ್ನು ಕತ್ತರಿಸಿಬಿಡಬೇಕೆಂದು ಮನೆಯೊಡತಿಯನ್ನು ಬೇಡಿಕೊಂಡನು. ಆಗಸ್ಟ್ 4ರಂದು ಶಾಂತವಾಗಿಯೇ ಪ್ರಾಣ ಹೋಯಿತು. ಹಗ್ಗವು ಓಡೆನ್ಸದ ವಸ್ತುಸಂಗ್ರಹಾಲಯವನ್ನು ಸೇರಿತು.