ಪಂಡಿತಾ ರಮಾಬಾಯಿ: ಮತಸ್ವೀಕಾರದಿಂದ ಅನುಸರಣೆಯ ಕಡೆಗೆ

ಪಂಡಿತಾ ರಮಾಬಾಯಿಯವರ ಹೆಸರು ಸಾಮಾನ್ಯವಾಗಿ ಮಹಾರಾಷ್ಟ್ರದ ಸಮಾಜಸುಧಾರಣೆಯ ಇತಿಹಾಸದೊಡನೆ ಸೇರಿಕೊಂಡಿದೆ. ಆದರೆ ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಕನ್ನಡನಾಡಿನ ಪಶ್ಚಿಮಘಟ್ಟದಲ್ಲಿರುವ ಗಂಗಾಮೂಲದ ಅರಣ್ಯದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಉಡುಪಿಯ ವಿದ್ವಾಂಸರೆದುರು ಉತ್ತರ ಹೇಳಬೇಕಾಗಿ ಬಂದರೂ ಅವರು ಹಿಂಜರಿಯಲಿಲ್ಲ. ಆ ತಾಯಿಯೇ ಮಗಳ ಮೊದಲ ಗುರುವಾದರು.

ಪುರಾಣವಾಚನವನ್ನೇ ಜೀವನೋಪಾಯವಾಗಿ ನಂಬಿ ತೀರ್ಥಕ್ಷೇತ್ರಗಳನ್ನು ಸುತ್ತಿದ ಈ ಕುಟುಂಬವನ್ನು 1870ರ ದಶಕದ ಕ್ಷಾಮ ನುಂಗಿತು. ತಂದೆತಾಯಿಗಳನ್ನು ಕಳೆದುಕೊಂಡ ರಮಾಬಾಯಿಯವರು ಅಣ್ಣ ಶ್ರೀನಿವಾಸನೊಡನೆ 1878ರಲ್ಲಿ ಕಲ್ಕತ್ತೆಗೆ ಬಂದು, ಅಲ್ಲಿನ ವಿದ್ವತ್ಸಭೆಯಿಂದ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಪಡೆದರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹವಾಯಿತು. 1882ರಲ್ಲಿ ಪತಿಯೂ ಗತಿಸಿದರು. ಮಗಳು ಮನೋರಮಾಳನ್ನು ಎತ್ತಿಕೊಂಡು ಪುಣೆಗೆ ಬಂದ ಅವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿಯವರು ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಇದರಿಂದ ಪುಣೆಯ ಸಮಾಜ ಕೆರಳಿತು. ಅತ್ತ ಇಂಗ್ಲೆಂಡಿನ ಚರ್ಚಿಗೂ ಅವರು ವಿಧೇಯ ಶಿಷ್ಯೆಯಾಗಲಿಲ್ಲ. ತ್ರೈಏಕತ್ವವೇ ಮೊದಲಾದ ತತ್ತ್ವಗಳನ್ನು ಅವರು ಪ್ರಶ್ನಿಸಿದರು. ತಮ್ಮ ಅಂತಃಸಾಕ್ಷಿಯನ್ನು ಧರ್ಮಾಧಿಕಾರಿಗಳಿಗೆ ಒಪ್ಪಿಸಲು ಸಿದ್ಧರಿರಲಿಲ್ಲ. ಅಮೆರಿಕಾ ಪ್ರವಾಸದ ಬಳಿಕ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು.

ಅವರ ಜೀವನದ ನಿಜವಾದ ತಿರುವು ಇಲ್ಲಿಯೇ ಇದೆ. ದೀಕ್ಷೆಯಾಗಿ ಸುಮಾರು ಎಂಟು ವರ್ಷಗಳಾದ ಮೇಲೆ, 1891ರ ಹೊತ್ತಿಗೆ, ತಮಗೆ ಕ್ರೈಸ್ತಮತ ದೊರಕಿದೆಯೇ ಹೊರತು ಕ್ರಿಸ್ತನು ದೊರಕಿಲ್ಲವೆಂಬ ಅರಿವು ಅವರಲ್ಲಿ ಮೂಡಿತು. ಬುದ್ಧಿಯ ಸಮ್ಮತಿಯಾಗಿದ್ದ ನಂಬಿಕೆ ಅಂದಿನಿಂದ ಸಮಗ್ರ ಸಮರ್ಪಣೆಯಾಯಿತು. ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ತಮ್ಮ ಪ್ರಾರ್ಥನೆಯ ವೇಳೆ ಕೋಣೆಯ ಬಾಗಿಲನ್ನು ಅವರು ಮುಚ್ಚುತ್ತಿರಲಿಲ್ಲ. ಬಂದು ಕೂರುವ ಹುಡುಗಿಯರನ್ನು ತಡೆಯುತ್ತಲೂ ಇರಲಿಲ್ಲ. ಮತಾಂತರದ ಆರೋಪ ಎದ್ದಿತು. 1893ರಲ್ಲಿ ಸಲಹಾ ಮಂಡಳಿಯಿಂದ ರಾನಡೆ, ಭಾಂಡಾರಕರರಂಥ ಹಿತೈಷಿಗಳು ಹೊರಬಂದರು. ಹಲವು ಪಾಲಕರು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಮತಾತೀತ ಶಿಕ್ಷಣದ ಭರವಸೆಯನ್ನು ನಂಬಿದ್ದವರ ಅಸಮಾಧಾನಕ್ಕೆ ಕಾರಣವಿತ್ತು; ನಂಬಿದ್ದನ್ನು ಮರೆಮಾಚಿ ಬಾಳಲಾರದ ರಮಾಬಾಯಿಯವರ ಇಕ್ಕಟ್ಟೂ ಅಷ್ಟೇ ನಿಜವಾದುದು.

ಮುಂಬಯಿಯಿಂದ ತಳೇಗಾಂವ ದಾಭಾಡೆಯನ್ನು ಹಾದು ಪುಣೆಗೆ ಬರುವ ರೈಲುಮಾರ್ಗ ಪೂರ್ವಕ್ಕೆ ಮುಂದುವರಿದು ಕೇಡಗಾಂವವನ್ನು ಮುಟ್ಟುತ್ತದೆ. ಅಲ್ಲಿ ಕೊಂಡಿದ್ದ ಭೂಮಿಯೇ ಅವರ ಸಮರ್ಪಣೆಯ ಕ್ಷೇತ್ರವಾಯಿತು. 1896–97ರ ಬರಗಾಲದಲ್ಲಿ ಅವರು ಮಧ್ಯಪ್ರಾಂತಕ್ಕೆ ಹೋಗಿ ಅನಾಥ ಬಾಲೆಯರನ್ನು ಕರೆತಂದರು. ತಾರುಣ್ಯದಲ್ಲಿ ಹಸಿವನ್ನು ಕಂಡಿದ್ದವರಿಗೆ ಆ ಮುಖಗಳು ಅಪರಿಚಿತವಾಗಿರಲಿಲ್ಲ. 1900ರ ವೇಳೆಗೆ ಅಲ್ಲಿನ ಮುಕ್ತಿ ಸದನದ ನಿವಾಸಿಗಳು ಸುಮಾರು 1,500. ನೇಯ್ಗೆ, ಹೊಲಿಗೆ, ಹೈನುಗಾರಿಕೆ, ಮುದ್ರಣ ಅವರ ಕಸುಬುಗಳಾದವು. ಅಂಧರಿಗೂ ಬ್ರೈಲ್ ಮೂಲಕ ವಿದ್ಯೆ ದೊರೆಯಿತು. ಮನೋರಮಾ ಅವರ ನೇತೃತ್ವದಲ್ಲಿ ಈ ಸೇವೆ ಕನ್ನಡನಾಡಿನ ಗುಲಬರ್ಗಾದವರೆಗೂ ಚಾಚಿ, ಅಲ್ಲೊಂದು ಶಾಲೆ ಹುಟ್ಟಿತು.

ಸಂಸ್ಕೃತಮಯವಾದ ಮರಾಠಿ ಬೈಬಲ್ ಓದುಬರಹ ಅಲ್ಪವಾದ ಹೆಂಗಸರಿಗೆ ನಿಲುಕದೆಂದು ಅರಿತ ಈ ಸಂಸ್ಕೃತ ಪಂಡಿತೆ, ಹೀಬ್ರೂ ಮತ್ತು ಗ್ರೀಕ್ ಕಲಿತು ಸರಳ ಮರಾಠಿಗೆ ಅದನ್ನು ಅನುವಾದಿಸತೊಡಗಿದರು. 1921ರಲ್ಲಿ ಮನೋರಮಾ ತೀರಿಕೊಂಡಾಗಲೂ ಕೆಲಸ ನಿಲ್ಲಲಿಲ್ಲ. ಅನುವಾದವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಅವರು ಕೊನೆಯುಸಿರೆಳೆದರು.

ಪಾಂಡಿತ್ಯದ ಬಿರುದಿನಿಂದ ಆರಂಭವಾದ ಬಾಳು ಪಾಂಡಿತ್ಯವನ್ನು ಅನಕ್ಷರಸ್ಥರ ಸೇವೆಗೆ ಇಳಿಸುವುದರಲ್ಲಿ ಪೂರ್ಣಗೊಂಡಿತು. ರಮಾಬಾಯಿಯವರ ಪಾಲಿಗೆ ಕ್ರಿಸ್ತನ ಅನುಸರಣೆಯೆಂದರೆ ಒಂದು ದಿನದ ದೀಕ್ಷೆಯಲ್ಲ, ಪ್ರತಿದಿನದ ದುಡಿಮೆ.