ಮಗನ ನೋವು ತಣಿಸಲು ನೀರಿಗೆ ಉಸಿರು ತುಂಬಿದ ಕ್ಯಾಂಡಿಡೊ ಜಕೂಜಿ

ತಾರಾ ಹೋಟೆಲುಗಳ ಸೌಲಭ್ಯಗಳ ಪಟ್ಟಿಯಲ್ಲಿ, ಮಹಾನಗರಗಳ ಐಷಾರಾಮಿ ವಸತಿ ಸಮುಚ್ಚಯಗಳ ಜಾಹೀರಾತುಗಳಲ್ಲಿ ‘ಜಕೂಜಿ’ ಎಂಬ ಪದ ತಪ್ಪದೆ ಕಾಣಿಸಿಕೊಳ್ಳುತ್ತದೆ. ಬಿಸಿನೀರು, ಅದರಲ್ಲಿ ಪುಟಿಯುವ ಗುಳ್ಳೆಗಳು, ಮೈಚೆಲ್ಲಿ ಕುಳಿತ ಸುಖಿಗಳು. ಸಿರಿವಂತಿಕೆಯ ಕುರುಹಾಗಿಯೇ ಈ ಹೆಸರು ಜನಮನದಲ್ಲಿ ನೆಲೆಸಿದೆ. ಆದರೆ ಜಕೂಜಿ ಎಂಬುದು ಇಟಲಿಯ ಒಂದು ಬಡ ವಲಸಿಗ ಕುಟುಂಬದ ಮನೆತನದ ಹೆಸರೆಂಬುದಾಗಲಿ, ಆ ಗುಳ್ಳೆಗಳು ಮೊದಲು ಎದ್ದದ್ದು ಕೀಲುನೋವಿನಿಂದ ನರಳುತ್ತಿದ್ದ ಪುಟ್ಟ ಬಾಲಕನ ಸ್ನಾನದ ತೊಟ್ಟಿಯಲ್ಲಿ ಎಂಬುದಾಗಲಿ ಬಹುಮಂದಿಗೆ ತಿಳಿಯದು. ಆ ತೊಟ್ಟಿಗೆ ಪಂಪನ್ನು ಇಳಿಬಿಟ್ಟವರು ಬಾಲಕನ ತಂದೆ ಕ್ಯಾಂಡಿಡೊ ಜಕೂಜಿ.

ಹದಿಮೂರು ಮಕ್ಕಳ ಸಂಸಾರ

ಇಟಲಿಯ ಈಶಾನ್ಯ ಭಾಗದಲ್ಲಿರುವ ಫ್ರಿಯುಲಿ ಪ್ರಾಂತ್ಯದ ಕಸಾರ್ಸಾ ಎಂಬ ಪುಟ್ಟ ಊರು ಜಕೂಜಿಗಳ ಮೂಲಸ್ಥಾನ. ಜೊವಾನ್ನಿ ಮತ್ತು ತೆರೇಸಾ ದಂಪತಿಗೆ ಏಳು ಗಂಡು, ಆರು ಹೆಣ್ಣು, ಒಟ್ಟು ಹದಿಮೂರು ಮಕ್ಕಳು. ಗಂಡುಮಕ್ಕಳಲ್ಲಿ ಎಲ್ಲರಿಗಿಂತ ಕಿರಿಯವರಾಗಿ ಕ್ಯಾಂಡಿಡೊ ಜನಿಸಿದ್ದು 1903ರಲ್ಲಿ. ತುಂಬಿದ ಮನೆಯನ್ನು ಸಾಕಲು ಊರಿನ ಹೊಲಗಳು ಸಾಲದಾದವು. 20ನೇ ಶತಮಾನದ ಮೊದಲ ದಶಕದಲ್ಲಿ ಹಿರಿಯ ಸೋದರರು ಒಬ್ಬೊಬ್ಬರಾಗಿ ಅಮೆರಿಕದ ಹಡಗು ಏರಿದರು. ಕೂಲಿನಾಲಿ ಮಾಡಿಕೊಂಡಿದ್ದು ಕ್ರಮೇಣ ಕ್ಯಾಲಿಫೋರ್ನಿಯದಲ್ಲಿ ನೆಲೆಯೂರಿದರು. ಉಳಿದವರೂ ಹಂತಹಂತವಾಗಿ ಅವರನ್ನು ಕೂಡಿಕೊಂಡರು. ಕ್ಯಾಂಡಿಡೊ ಅವರಿಗೆ ದಕ್ಕಿದ ಶಾಲಾ ಶಿಕ್ಷಣ ಅಲ್ಪವೇ. ಅಣ್ಣಂದಿರ ಕಾರ್ಯಾಗಾರವೇ ಅವರ ಪಾಠಶಾಲೆಯಾಯಿತು.

ಅಣ್ಣಂದಿರಲ್ಲಿ ಅಸಾಧಾರಣ ಪ್ರತಿಭೆಯೆಂದರೆ ರಾಕೆಲೆ. ಆಗಷ್ಟೇ ರೆಕ್ಕೆ ಬಿಚ್ಚುತ್ತಿದ್ದ ವಿಮಾನಯಾನ ಅವರನ್ನು ಸೆಳೆದಿತ್ತು. ಅವರು ರೂಪಿಸಿದ ಮರದ ಪ್ರೊಪೆಲ್ಲರ್ ಉತ್ತಮವೆನಿಸಿ, 1915ರಲ್ಲಿ ಸೋದರರು ಬರ್ಕ್ಲಿ ನಗರದಲ್ಲಿ ‘ಜಕೂಜಿ ಬ್ರದರ್ಸ್’ ಸಂಸ್ಥೆಯನ್ನು ಕಟ್ಟಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರವೂ ಅವರ ಪ್ರೊಪೆಲ್ಲರ್‌ಗಳನ್ನು ಕೊಂಡಿತು. ಯುದ್ಧ ಮುಗಿದ ಮೇಲೆ ಇಡೀ ವಿಮಾನವನ್ನೇ ತಯಾರಿಸುವ ಸಾಹಸಕ್ಕೆ ಸೋದರರು ಕೈಹಾಕಿದರು. ಪ್ರಯಾಣಿಕರು ಗಾಳಿಮಳೆಗೆ ಮೈಯೊಡ್ಡದೆ ಮುಚ್ಚಿದ ಕೋಣೆಯಲ್ಲಿ ಕುಳಿತು ಸಾಗಬಲ್ಲ ಒಂಟಿ ರೆಕ್ಕೆಸಾಲಿನ ವಿಮಾನವದು. ಆ ಕಾಲಕ್ಕೆ ಅದೊಂದು ಹೊಸತನ.

ಆದರೆ 1921ರ ಜುಲೈನಲ್ಲಿ ಅವರ ವಿಮಾನ ಮೊಡೆಸ್ಟೊ ಬಳಿ ನೆಲಕ್ಕಪ್ಪಳಿಸಿತು. ಸೋದರರಲ್ಲೊಬ್ಬರಾದ ಜೊಕೊಂಡೊ ಸೇರಿದಂತೆ ನಾಲ್ವರು ಅಸುನೀಗಿದರು. ಮಗನನ್ನು ಕಳೆದುಕೊಂಡ ಮನೆಯಲ್ಲಿ ಇನ್ನು ವಿಮಾನದ ಸಹವಾಸವೇ ಬೇಡವೆಂಬ ನಿರ್ಧಾರವಾಯಿತು. ಅಣ್ಣನ ಸಾವನ್ನೂ ಕುಟುಂಬದ ಕನಸಿನ ಕೊನೆಯನ್ನೂ ಒಟ್ಟಿಗೆ ಕಂಡಾಗ ಕ್ಯಾಂಡಿಡೊ ಅವರಿಗೆ ಹದಿನೆಂಟು ವರ್ಷ.

ಆಗಸದಿಂದ ಬಾವಿಗೆ

ಗಾಳಿಯನ್ನು ಬಿಟ್ಟ ಸೋದರರು ನೀರನ್ನು ಹಿಡಿದರು. ಬಾವಿಯ ಮೇಲೆ ಕೂರಿಸಿದ ಸಾಮಾನ್ಯ ಪಂಪು ಏಳೆಂಟು ಮೀಟರಿಗಿಂತ ಆಳದ ನೀರನ್ನು ಹೀರಿ ಮೇಲೆತ್ತಲು ತಿಣುಕುತ್ತದೆ. ಪಂಪು ಎಷ್ಟೇ ಬಲವಾಗಿದ್ದರೂ ವಾತಾವರಣದ ಒತ್ತಡಕ್ಕೆ ಮಿತಿಯಿರುವುದೇ ಇದಕ್ಕೆ ಕಾರಣ. 1926ರಲ್ಲಿ ಜಕೂಜಿ ಸೋದರರು ಇದಕ್ಕೊಂದು ಉಪಾಯ ಹುಡುಕಿದರು. ಮೇಲೆ ಬಂದ ನೀರಿನಲ್ಲಿ ಒಂದು ಪಾಲನ್ನು ಇನ್ನೊಂದು ಕೊಳವೆಯ ಮೂಲಕ ಪುನಃ ಬಾವಿಗಿಳಿಸಿ, ಕಿರಿದಾದ ಮೂತಿಯಿಂದ ರಭಸವಾಗಿ ಚಿಮ್ಮಿಸುವುದು. ಆ ರಭಸಕ್ಕೆ ಸುತ್ತಲಿನ ಒತ್ತಡ ಕುಸಿದು ಬಾವಿಯ ನೀರು ಒಳನುಗ್ಗುತ್ತದೆ, ಹಿಂದಿನ ನೂಕಿನಿಂದ ಮೇಲೇರುತ್ತದೆ.

ಕರ್ನಾಟಕದ ಬಾವಿಗಳ ಬಳಿ, ಹಳೆಯ ಬಡಾವಣೆಗಳ ಮನೆಗಳ ಹಿತ್ತಿಲಿನಲ್ಲಿ ಜೆಟ್ ಪಂಪು ಎಂಬ ಹೆಸರಿನಿಂದ ಪರಿಚಿತವಾದ ಯಂತ್ರದ ತತ್ತ್ವವೂ ಇದೇ. ಜಕೂಜಿ ಪಂಪಿಗೆ 1930ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಮೇಳದಲ್ಲಿ ಚಿನ್ನದ ಪದಕ ಸಂದಿತು. ರೈತರು ಮುಗಿಬಿದ್ದು ಕೊಂಡರು. 1937ರಲ್ಲಿ ರಾಕೆಲೆ ತೀರಿಕೊಂಡರು. ಮಾರಾಟದಲ್ಲೂ ಯಂತ್ರಕೌಶಲದಲ್ಲೂ ಪಳಗಿದ್ದ ಕ್ಯಾಂಡಿಡೊ ಅವರ ಕೈಗೆ ಸಂಸ್ಥೆಯ ಚುಕ್ಕಾಣಿ ಕ್ರಮೇಣ ಬಂದಿತು. ವ್ಯಾಪಾರ ಬೆಳೆಯಿತು, ಹಣವೂ ಬಂದಿತು. ಸಂಕಟ ಬಂದದ್ದು ಬೇರೊಂದು ದಿಕ್ಕಿನಿಂದ.

ಮನೆಯೊಳಗಿನ ನರಳಾಟ

ಕ್ಯಾಂಡಿಡೊ ಮತ್ತು ಇನೆಜ್ ದಂಪತಿಯ ಮಗ ಕೆನೆತ್ ಹುಟ್ಟಿದ್ದು 1941ರಲ್ಲಿ. ಇನ್ನೂ ನೆಟ್ಟಗೆ ನಡೆದಾಡುವ ವಯಸ್ಸಿಗೆ ಮೊದಲೇ ಅವನನ್ನು ಸಂಧಿವಾತ ಹಿಡಿಯಿತು. ವೃದ್ಧಾಪ್ಯದ ಬೇನೆಯೆಂದು ಜನ ಭಾವಿಸುವ ಕಾಯಿಲೆ ಮಕ್ಕಳಿಗೆ ಅಂಟಿಕೊಂಡಾಗ ಅತಿ ಕ್ರೂರವಾಗಿರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಕೀಲುಗಳು ಊದಿಕೊಂಡು ಬಿಗಿಯುತ್ತವೆ, ಬೆಳೆಯುವ ಎಲುಬುಗಳು ಸೊಟ್ಟಗಾಗುತ್ತವೆ. ಆ ಕಾಲದಲ್ಲಿ ಇದಕ್ಕೆ ಪರಿಣಾಮಕಾರಿ ಔಷಧವಿರಲಿಲ್ಲ. ಮಗು ಬದುಕುಳಿಯುವ ಬಗ್ಗೆ ವೈದ್ಯರಿಗೇ ಭರವಸೆಯಿರಲಿಲ್ಲ.

ಆಸ್ಪತ್ರೆಯಲ್ಲಿ ಕೆನೆತ್‌ಗೆ ಜಲಚಿಕಿತ್ಸೆ ನಡೆಯುತ್ತಿತ್ತು. ದೊಡ್ಡ ತೊಟ್ಟಿಯಲ್ಲಿ ಸುತ್ತಿ ಸುಳಿಯುವ ಬೆಚ್ಚನೆಯ ನೀರಿಗಿಳಿಸಿದಾಗ ಮಗುವಿನ ಮೈ ಸಡಿಲಗೊಳ್ಳುತ್ತಿತ್ತು. ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿದ ದೇಹದ ತೂಕ ಹತ್ತರಲ್ಲೊಂದು ಪಾಲಿನಷ್ಟೇ ಇರುವಂತೆ ಭಾಸವಾಗುತ್ತದೆ. ಕೀಲುಗಳ ಮೇಲಿನ ಭಾರ ಇಳಿಯುತ್ತದೆ. ಶಾಖದಿಂದ ರಕ್ತನಾಳಗಳು ಹಿಗ್ಗಿ, ಸೆಟೆದ ಸ್ನಾಯುಗಳು ಮೃದುವಾಗುತ್ತವೆ. ಆದರೆ ಚಿಕಿತ್ಸೆ ಆಸ್ಪತ್ರೆಯ ವೇಳಾಪಟ್ಟಿಗೆ ಕಟ್ಟುಬಿದ್ದಿತ್ತು. ನೋವಿಗೆ ಅಂತಹ ಪಟ್ಟಿಯಿರಲಿಲ್ಲ. ಮನೆಗೆ ಮರಳಿದೊಡನೆ ಬಿಗಿತವೂ ಮರಳುತ್ತಿತ್ತು. ನೀರಿನಲ್ಲಿ ಮಗನಿಗೆ ಸಿಗುತ್ತಿದ್ದ ನೆಮ್ಮದಿಯನ್ನು ಕಂಡಿದ್ದ ಇನೆಜ್, ಅದು ಮನೆಯಲ್ಲೇ ನಿತ್ಯವೂ ಸಿಗುವಂತಾಗಲೆಂದು ಹಂಬಲಿಸಿದರು. ಆಕೆಯ ಪತಿಯ ಜೀವನವೇ ಪಂಪುಗಳೊಡನೆ ಕಳೆದಿತ್ತು.

1940ರ ದಶಕದ ಕೊನೆಯ ವೇಳೆಗೆ ಕ್ಯಾಂಡಿಡೊ ಆ ಹಂಬಲಕ್ಕೆ ಉತ್ತರ ಕಂಡುಕೊಂಡರು. ಮನೆಯ ಸಾಮಾನ್ಯ ಸ್ನಾನದ ತೊಟ್ಟಿಯೊಳಗೆ ಇಳಿಬಿಡಬಹುದಾದ, ಎತ್ತಿ ಒಯ್ಯಬಹುದಾದ ಪಂಪು ಅವರು ಸಿದ್ಧಪಡಿಸಿದ ಸಾಧನ. ಅದು ತೊಟ್ಟಿಯ ನೀರನ್ನು ಹೀರಿ, ಗಾಳಿಯೊಡನೆ ಬೆರೆಸಿ, ರಭಸದಿಂದ ಹೊರಚಿಮ್ಮುತ್ತಿತ್ತು. ಕಿರಿದಾದ ಮೂತಿಯಲ್ಲಿ ನೀರಿನ ವೇಗ ಹೆಚ್ಚಿದಾಗ ಒತ್ತಡ ಇಳಿಯುತ್ತದೆ, ಆ ತೆರಪಿಗೆ ಗಾಳಿ ತಾನಾಗಿ ನುಗ್ಗುತ್ತದೆ. ಬಾವಿಯಲ್ಲಿ ನೀರನ್ನು ಎಳೆದ ತತ್ತ್ವವೇ ಬಚ್ಚಲಿನಲ್ಲಿ ಗಾಳಿಯನ್ನು ಎಳೆಯಿತು. ಗುಳ್ಳೆತುಂಬಿದ ಆ ಧಾರೆ ಬಾಲಕನ ಕೈಕಾಲುಗಳನ್ನು ನೀವುತ್ತಿತ್ತು. ಕಾಯಿಲೆ ವಾಸಿಯಾಗಲಿಲ್ಲ, ಆಗುವಂತೆಯೂ ಇರಲಿಲ್ಲ. ಆದರೆ ಉಪಶಮನ ದಿನವೂ ಕೈಗೆಟುಕುವಂತಾಯಿತು.

ಔಷಧದಿಂದ ವಿಲಾಸಕ್ಕೆ

ಕೆಲವು ವರ್ಷಗಳ ಕಾಲ ಇದು ಮನೆಯೊಳಗಿನ ಸಾಧನವಾಗಿಯೇ ಉಳಿಯಿತು. 1950ರ ದಶಕದ ಮಧ್ಯಭಾಗದಲ್ಲಿ ‘ಜೆ-300’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಆಸ್ಪತ್ರೆಗಳು, ಶಾಲೆಗಳು, ಕೀಲುನೋವಿನ ರೋಗಿಗಳು ಮೊದಲ ಗ್ರಾಹಕರು. ದಣಿದ ಗೃಹಿಣಿಯರಿಗೆ ಬಹುಮಾನ ನೀಡುತ್ತಿದ್ದ ‘ಕ್ವೀನ್ ಫಾರ್ ಎ ಡೇ’ ಕಾರ್ಯಕ್ರಮದಲ್ಲಿ ಈ ಪಂಪೂ ಬಹುಮಾನವಾಯಿತು. ರಾಂಡಾಲ್ಫ್ ಸ್ಕಾಟ್, ಜೇನ್ ಮ್ಯಾನ್ಸ್‌ಫೀಲ್ಡ್‌ರಂತಹ ಚಿತ್ರತಾರೆಯರು ಅದರ ಪರ ಪ್ರಚಾರ ಮಾಡಿದರು. ರೋಗಿಯ ಸಾಧನ ನಿಧಾನವಾಗಿ ನಿರೋಗಿಗಳ ಬಯಕೆಯಾಗತೊಡಗಿತು.

1968ರಲ್ಲಿ ಕುಟುಂಬದ ಮೂರನೇ ತಲೆಮಾರಿನ ರಾಯ್ ಜಕೂಜಿ, ಧಾರೆಗಳನ್ನು ತೊಟ್ಟಿಯ ಗೋಡೆಯಲ್ಲೇ ಅಳವಡಿಸಿದ ‘ರೋಮನ್ ಬಾತ್’ ರೂಪಿಸಿದರು. ಪಂಪನ್ನು ಇಳಿಬಿಡುವ ಗೋಜು ತಪ್ಪಿತು. ಅದೇ ಕಾಲಕ್ಕೆ ಕ್ಯಾಲಿಫೋರ್ನಿಯದ ಯುವಜನ ಹಳೆಯ ಮದ್ಯದ ಮರದ ಪೀಪಾಯಿಗಳಿಗೆ ಬಿಸಿನೀರು ತುಂಬಿ ಕೂರುವ ರೂಢಿ ಹುಟ್ಟುಹಾಕಿದ್ದರು. 1970ರ ದಶಕದಲ್ಲಿ ಈ ಎರಡೂ ಧಾರೆಗಳು ಕೂಡಿದವು. ನೀರನ್ನು ಕಾಯಿಸುವ, ಸೋಸುವ ವ್ಯವಸ್ಥೆಯೂ ಒಳಗೊಂಡ, ನಾಲ್ಕಾರು ಮಂದಿ ಕೂರಬಲ್ಲ ತೊಟ್ಟಿಗಳು ಮನೆಗಳ ಅಂಗಳ ಸೇರಿದವು.

ಆದರೆ ಈ ಸಂಭ್ರಮದಲ್ಲಿ ಕ್ಯಾಂಡಿಡೊ ಅವರ ಪಾಲು ಬಹಳವಿರಲಿಲ್ಲ. 1969ರಲ್ಲಿ ಅವರ ಮೇಲೆ ಆದಾಯ ತೆರಿಗೆ ವಂಚನೆಯ ಆರೋಪ ಹೊರಿಸಲಾಯಿತು. ಅವರು ಅಮೆರಿಕ ತೊರೆದು ಇಟಲಿ, ಮೆಕ್ಸಿಕೊಗಳಲ್ಲಿ ವರ್ಷಗಳನ್ನು ಕಳೆಯಬೇಕಾಯಿತು. ಒಂದೇ ಸೂರಿನಡಿ ಬೆಳೆದ ಸೋದರರ ಸಂತತಿಯಲ್ಲಿ ಪಾಲುಗಾರಿಕೆಯ ತಕರಾರುಗಳು ತಲೆಯೆತ್ತಿದವು. 1979ರಲ್ಲಿ ಸಂಸ್ಥೆ ಸುಮಾರು 7 ಕೋಟಿ ಡಾಲರಿಗೆ ಪರರ ಪಾಲಾಯಿತು. 1986ರಲ್ಲಿ, 83ನೇ ವಯಸ್ಸಿನಲ್ಲಿ ಕ್ಯಾಂಡಿಡೊ ಕೊನೆಯುಸಿರೆಳೆದರು.

ಕೊಂಡವರ ಹೊಣೆ

ಕ್ಯಾಂಡಿಡೊ ಅವರ ಪಂಪಿಗೂ ಇಂದಿನ ಬಿಸಿನೀರಿನ ತೊಟ್ಟಿಗೂ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಮನೆಯಲ್ಲಿ ತೊಟ್ಟಿ ಇರಿಸಿಕೊಳ್ಳಬಯಸುವವರು ಅದನ್ನು ಅರಿತಿರಬೇಕು. ಸ್ನಾನದ ತೊಟ್ಟಿಯ ನೀರನ್ನು ಪ್ರತಿಸಲವೂ ಹೊರಬಿಡಲಾಗುತ್ತದೆ. ಬಿಸಿನೀರಿನ ತೊಟ್ಟಿಯಲ್ಲಿ ಅದೇ ನೀರು ತಿಂಗಳುಗಟ್ಟಲೆ ಇರುತ್ತದೆ. ಸಾವಿರದೈನೂರು ಲೀಟರ್ ನೀರಿನಲ್ಲಿ ನಾಲ್ವರು ಕುಳಿತರೆ ಅವರ ಬೆವರು, ಮೈಯೆಣ್ಣೆ, ಸೋಪಿನ ಅಂಶವೆಲ್ಲ ಅಷ್ಟರಲ್ಲೇ ಸೇರುತ್ತದೆ. ಶಾಖಕ್ಕೆ ಕ್ಲೋರಿನ್ ಬೇಗ ಕರಗಿಹೋಗುತ್ತದೆ, ಸೂಕ್ಷ್ಮಜೀವಿಗಳು ಅಷ್ಟೇ ಬೇಗ ಹೆಚ್ಚುತ್ತವೆ. ಅಲಕ್ಷ್ಯ ಮಾಡಿದ ತೊಟ್ಟಿಯಿಂದ ಮೈಮೇಲೆ ಕೆಂಪು ಗುಳ್ಳೆಗಳೇಳುವುದುಂಟು. ಗುಳ್ಳೆಯೊಡೆದು ಹಬ್ಬುವ ತುಂತುರಿನ ಮೂಲಕ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಶ್ವಾಸಕೋಶ ಸೇರಿ ಪ್ರಾಣಾಂತಿಕ ನ್ಯುಮೋನಿಯಾ ತರುವುದೂ ಉಂಟು.

ಆದಕಾರಣ ನೀರಿನ ಆಮ್ಲ-ಕ್ಷಾರ ಸಮತೋಲ, ಅಂದರೆ ಪಿಎಚ್ ಮಟ್ಟ 7.2ರಿಂದ 7.8ರ ನಡುವೆ ಇರುವಂತೆಯೂ, ಹತ್ತು ಲಕ್ಷ ಭಾಗ ನೀರಿಗೆ ಕ್ಲೋರಿನ್ ಕನಿಷ್ಠ 3 ಭಾಗ ಇರುವಂತೆಯೂ ಆಗಾಗ್ಗೆ ಪರೀಕ್ಷಿಸಬೇಕು. ಶೋಧಕಗಳನ್ನು ತಪ್ಪದೆ ತೊಳೆಯಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ನೀರನ್ನು ಪೂರ್ತಿ ಹೊರಬಿಟ್ಟು, ತೊಟ್ಟಿಯನ್ನು ಉಜ್ಜಿ ಹೊಸದಾಗಿ ತುಂಬಬೇಕು. ಬಳಕೆಯಿಲ್ಲದಾಗ ಗಟ್ಟಿಮುಚ್ಚಳ ಹಾಕಿದರೆ ವಿದ್ಯುತ್ ಉಳಿಯುತ್ತದೆ, ಮಕ್ಕಳು ಬೀಳುವ ಅಪಾಯವೂ ತಪ್ಪುತ್ತದೆ.

ಶಾಖ 40 ಡಿಗ್ರಿ ಸೆಲ್ಸಿಯಸ್ ಮೀರಕೂಡದು. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಬಾರದು. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇಳಿಯಬಾರದು. ಮದ್ಯ ಸೇವಿಸಿ ಕೂರುವುದಂತೂ ಅಪಾಯಕ್ಕೆ ಆಹ್ವಾನ. ನೀರಿಗೂ ವಿದ್ಯುತ್ತಿಗೂ ನಂಟಿರುವ ಕಡೆ ಸೋರಿಕೆ ಕಂಡೊಡನೆ ವಿದ್ಯುತ್ ಕಡಿತಗೊಳಿಸುವ ಸಾಧನ ಕಡ್ಡಾಯ. ಮಹಡಿಯ ಮೇಲೆ ತೊಟ್ಟಿ ಇಡಬಯಸುವವರು ಸಾವಿರದೈನೂರು ಲೀಟರ್ ನೀರೆಂದರೆ ಒಂದೂವರೆ ಟನ್ ಭಾರವೆಂಬುದನ್ನು ಮರೆಯದೆ, ಮೊದಲು ಎಂಜಿನಿಯರರನ್ನು ವಿಚಾರಿಸುವುದು ಕ್ಷೇಮ.

ಇಷ್ಟೆಲ್ಲ ಉಪಚಾರ ಬೇಡುವ ತೊಟ್ಟಿ ಹಲವರ ಮನೆಗಳಲ್ಲಿ ಮೊದಲ ವರ್ಷದ ಉತ್ಸಾಹ ಇಳಿದ ಬಳಿಕ ಮುಚ್ಚಳ ಹಾಕಿಸಿಕೊಂಡು ಮೂಲೆ ಸೇರುತ್ತದೆ. ಸುಖಕ್ಕಾಗಿ ಕೊಂಡದ್ದನ್ನು ನಿತ್ಯ ನೋಡಿಕೊಳ್ಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಕ್ಯಾಂಡಿಡೊ ಮತ್ತು ಇನೆಜ್ ಅವರಿಗೆ ಆ ಪ್ರಶ್ನೆಯೇ ಏಳಲಿಲ್ಲ. ಮಗನಿಗೆ ನೋವು ಇರುವಷ್ಟು ದಿನವೂ ನೀರು ಕಾಯಬೇಕಿತ್ತು, ಪಂಪು ತಿರುಗಬೇಕಿತ್ತು.

ಬದುಕುವುದೇ ಸಂದೇಹವೆನಿಸಿದ್ದ ಕೆನೆತ್ ದೊಡ್ಡವರಾದರು. ಗಾಲಿಕುರ್ಚಿಯಲ್ಲಿದ್ದುಕೊಂಡೇ ಓದಿ, ಕುಟುಂಬದ ಉದ್ದಿಮೆಯಲ್ಲಿ ದುಡಿದು, ಅರವತ್ತರ ಆಸುಪಾಸಿನಲ್ಲಿ ತಂದೆಯನ್ನೂ ತಮ್ಮ ನೋವನ್ನೂ ಕುರಿತು ಪುಸ್ತಕ ಬರೆದರು. ಜಕೂಜಿ ಎಂಬ ಹೆಸರು ನಿಘಂಟು ಸೇರಿ, ಯಾರದೆಂದು ಯಾರೂ ಕೇಳದಷ್ಟು ಸಾಮಾನ್ಯವಾಯಿತು. ವಿಮಾನ ಕುಟುಂಬದ ಕೈತಪ್ಪಿತು, ಸಂಸ್ಥೆ ಪರರದಾಯಿತು, ಕೊನೆಗೆ ಹೆಸರೂ ಎಲ್ಲರದಾಯಿತು. ಬಚ್ಚಲಿನ ತೊಟ್ಟಿಯಲ್ಲಿ ಒಂದಿಷ್ಟು ಹೊತ್ತು ನೋವು ಮರೆತ ಮಗನ ನೆನಪು ಮಾತ್ರ ಕ್ಯಾಂಡಿಡೊ ಜಕೂಜಿ ಅವರ ಪಾಲಿಗೆ ಉಳಿದ ಸ್ವಂತ ಆಸ್ತಿ.