ವೈದ್ಯೆ ಐಡಾ ಸ್ಕಡರ್

ಔಷಧವು ಎಷ್ಟು ಉತ್ತಮವಾದುದಾದರೂ, ರೋಗಿಯು ಅದನ್ನು ಸ್ವೀಕರಿಸಲಾರದ ರೀತಿಯಲ್ಲಿ ನೀಡಲ್ಪಟ್ಟರೆ ಅದರಿಂದ ಫಲವಿಲ್ಲ. ಈ ಮಾತಿನ ಸತ್ಯವನ್ನು ಇಪ್ಪತ್ತು ವರುಷದ ತರುಣಿಯೊಬ್ಬಳು ಒಂದೇ ರಾತ್ರಿಯಲ್ಲಿ ಕಲಿತಳು. ಕಲಿತುದನ್ನು ಬಾಳಿನ ಕೊನೆಯವರೆಗೂ ಮರೆಯಲಿಲ್ಲ. ಆಕೆಯೇ ವೆಲ್ಲೂರಿನ ವೈದ್ಯೆ ಐಡಾ ಸ್ಕಡರ್.

ಐಡಾಳು 1870ನೆಯ ಡಿಸೆಂಬರ್ 9ರಂದು ಮದರಾಸು ಪ್ರಾಂತದ ರಾಣಿಪೇಟೆಯಲ್ಲಿ ಜನಿಸಿದಳು. ಆಕೆಯ ಅಜ್ಜನೂ ತಂದೆಯೂ ಅಮೇರಿಕದಿಂದ ಬಂದ ಮಿಶನ್ ವೈದ್ಯರು. ಬಾಲ್ಯದಲ್ಲಿ ಕ್ಷಾಮದ ದಾರುಣ ದೃಶ್ಯಗಳನ್ನು ಕಂಡಿದ್ದ ಆಕೆಗೆ ತಾನೂ ಈ ದೇಶದಲ್ಲಿಯೇ ನೆಲೆಸಬೇಕೆಂಬ ಆಶೆಯಿರಲಿಲ್ಲ. ಅಮೇರಿಕದಲ್ಲಿ ವಿದ್ಯಾಭ್ಯಾಸ ಮಾಡಿ ಅಲ್ಲಿಯೇ ಸುಖವಾಗಿರಬೇಕೆಂದು ಆಕೆ ನಿಶ್ಚಯಿಸಿದ್ದಳು. 1890ರಲ್ಲಿ ತಾಯಿಯು ಅಸ್ವಸ್ಥಳಾದ ಕಾರಣ, ಸ್ವಲ್ಪ ಕಾಲ ಆರೈಕೆ ಮಾಡಿ ಹಿಂದಿರುಗುವ ಉದ್ದೇಶದಿಂದಲೇ ತಂದೆತಾಯಿಗಳಿದ್ದ ತಿಂಡಿವನಕ್ಕೆ ಬಂದಳು.

ಅಲ್ಲಿ ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಮನೆಯ ಬಾಗಿಲಿಗೆ ಬಂದರು. ಒಬ್ಬನು ಬ್ರಾಹ್ಮಣ, ಒಬ್ಬನು ಮುಸಲ್ಮಾನ, ಮತ್ತೊಬ್ಬನು ಬೇರೊಂದು ಮೇಲ್ಜಾತಿಯ ಹಿಂದು. ಮೂವರ ಹೆಂಡಂದಿರೂ ಪ್ರಸವವೇದನೆಯಲ್ಲಿದ್ದರು. ಐಡಾಳೇ ಬಂದು ನೋಡಬೇಕೆಂಬುದು ಮೂವರ ಬೇಡಿಕೆ. ತನಗೆ ವೈದ್ಯವು ತಿಳಿಯದೆಂದೂ, ತಿಳಿದವನಾದ ತಂದೆಯನ್ನು ಕರೆದೊಯ್ಯಬೇಕೆಂದೂ ಆಕೆ ಹೇಳಿದಳು. ಪರಪುರುಷನು ತಮ್ಮ ಹೆಂಗಸರನ್ನು ನೋಡುವುದು ಅವರ ಸಂಪ್ರದಾಯಕ್ಕೆ ಒಪ್ಪುವಂತಿರಲಿಲ್ಲ. ಮೂವರೂ ಬರಿಗೈಯಲ್ಲಿ ಹಿಂದಿರುಗಿದರು. ಬೆಳಗಾಗುವುದರೊಳಗೆ ಮೂವರು ತಾಯಂದಿರೂ ತೀರಿಹೋಗಿದ್ದರು.

ಆ ಮನೆಯಲ್ಲಿ ವೈದ್ಯನಿದ್ದನು, ಔಷಧವಿತ್ತು, ಸಹಾಯಮಾಡುವ ಮನಸ್ಸೂ ಇತ್ತು. ಆದರೂ ಮೂರು ಜೀವಗಳು ಹೋದುವು. ಜನರ ಮೂಢತನವೇ ಇದಕ್ಕೆ ಕಾರಣವೆಂದು ದೂರಿ ಸುಮ್ಮನಾಗುವುದು ಸುಲಭವಾಗಿತ್ತು. ಐಡಾಳು ಹಾಗೆ ಮಾಡಲಿಲ್ಲ. ಬಂದವರು ಕೇಳಿದುದು ಸ್ತ್ರೀವೈದ್ಯೆಯನ್ನು, ಇಲ್ಲದಿದ್ದುದೂ ಸ್ತ್ರೀವೈದ್ಯೆಯೇ. ಹಾಗಾದರೆ ತಾನೇ ವೈದ್ಯೆಯಾಗಬೇಕೆಂದು ಆಕೆ ತೀರ್ಮಾನಿಸಿದಳು.

ಅಮೇರಿಕಕ್ಕೆ ಹಿಂದಿರುಗಿ ವೈದ್ಯವಿದ್ಯೆಯನ್ನು ಕಲಿತು, 1899ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಪದವಿಯನ್ನು ಪಡೆದಳು. ಹೆಂಗಸರ ಆಸ್ಪತ್ರೆಯೊಂದಕ್ಕಾಗಿ ಶೆಲ್ ಎಂಬ ಧನಿಕನು ತನ್ನ ಮೃತಪತ್ನಿಯ ಸ್ಮಾರಕವಾಗಿ 10,000 ಡಾಲರುಗಳನ್ನು ಕೊಟ್ಟನು. 1900ರ ವೇಳೆಗೆ ಆಕೆ ವೆಲ್ಲೂರಿನಲ್ಲಿದ್ದಳು. ಆದರೆ ಆಕೆಗೆ ಗುರುವಾಗಿಯೂ ಆಸರೆಯಾಗಿಯೂ ಇರಬೇಕಾಗಿದ್ದ ತಂದೆಯು ಅದೇ ವರುಷ ಮರಣಹೊಂದಿದನು. ಮನೆಯ ಒಂದು ಸಣ್ಣ ಕೋಣೆಯೇ ಮೊದಲ ಔಷಧಾಲಯವಾಯಿತು. ಜನರು ಮೊದಮೊದಲು ಹಿಂದೆಗೆದರು. ನಂಬಿಕೆ ಹುಟ್ಟಿದ ಮೇಲೆ ಗುಂಪುಗುಂಪಾಗಿ ಬಂದರು. 1902ರಲ್ಲಿ 40 ಹಾಸಿಗೆಗಳ ಮೇರಿ ಟೇಬರ್ ಶೆಲ್ ಆಸ್ಪತ್ರೆಯು ತೆರೆಯಲ್ಪಟ್ಟಿತು.

ಅಷ್ಟರಿಂದಲೂ ಕಾರ್ಯವು ಮುಗಿಯಲಿಲ್ಲ. ಹಳ್ಳಿಯ ಬಡವರು ಆಸ್ಪತ್ರೆಯವರೆಗೆ ನಡೆದು ಬರುವುದೆಂತು? ಒಂದು ದಿನದ ಕೂಲಿಯನ್ನು ಬಿಟ್ಟರೆ ಆ ದಿನದ ಗಂಜಿಗೂ ಗತಿಯಿಲ್ಲದವರು ಅನೇಕರು. ಐಡಾಳು ಎತ್ತಿನ ಗಾಡಿಯಲ್ಲಿ, ಮುಂದೆ ಮೋಟಾರಿನಲ್ಲಿ, ಗುಡಿಯಾತ್ತಂ ದಾರಿಯನ್ನು ಹಿಡಿದು ವಾರಕ್ಕೊಮ್ಮೆ ಹೊರಟಳು. ರೋಗಿಗಳು ದಾರಿಯ ಮರಗಳ ನೆರಳಿನಲ್ಲಿ ಆಕೆಗಾಗಿ ಕಾದಿರುತ್ತಿದ್ದರು. ಹೀಗೆ ದಾರಿಬದಿಯ ಔಷಧಾಲಯಗಳು ಹುಟ್ಟಿದುವು. ಅವುಗಳಿಗೆ ಗೋಡೆಯಿಲ್ಲ, ಛಾವಣಿಯಿಲ್ಲ; ಜನರು ಬರಬಲ್ಲ ಸ್ಥಳವೇ ಔಷಧಾಲಯದ ಸ್ಥಳವಾಯಿತು.

ಒಬ್ಬಳೇ ವೈದ್ಯೆಯು ಎಷ್ಟು ಮನೆಗಳಿಗೆ ಹೋಗಬಲ್ಲಳು? ಈ ದೇಶದ ಹೆಂಗಸರ ಬೇನೆಯನ್ನು ಅವರ ಭಾಷೆಯನ್ನೂ ನಡೆವಳಿಕೆಯನ್ನೂ ಬಲ್ಲ ಈ ದೇಶದ ಹೆಣ್ಣುಮಕ್ಕಳೇ ನೀಗಬೇಕೆಂದು ಆಕೆ ಕಂಡುಕೊಂಡಳು. 1909ರಲ್ಲಿ ದಾದಿಯರ ಶಿಕ್ಷಣವೂ, 1918ರಲ್ಲಿ ಸ್ತ್ರೀಯರ ವೈದ್ಯಶಾಲೆಯೂ ಆರಂಭವಾದುವು. ಹುಡುಗಿಯರು ಬರಲಾರರೆಂದು ಸಂದೇಹಪಟ್ಟವರಿದ್ದರು. ಮೊದಲ ವರುಷವೇ 151 ಅರ್ಜಿಗಳು ಬಂದುವು. ಪ್ರಥಮ ಪರೀಕ್ಷೆಗೆ ಕುಳಿತ 14 ಮಂದಿಯೂ ತೇರ್ಗಡೆಯಾದರು.

ಮುಂದೆ ಸರಕಾರದ ನಿಯಮಗಳು ಬದಲಾಗಿ, ಶಾಲೆಯನ್ನು ವಿಶ್ವವಿದ್ಯಾನಿಲಯದ ಪದವಿಯ ಮಟ್ಟಕ್ಕೇರಿಸದಿದ್ದರೆ ಮುಚ್ಚಬೇಕಾದ ಸಂಕಟವೊದಗಿತು. ಎಪ್ಪತ್ತು ವರುಷದ ವೃದ್ಧೆಯು ಹಣಸಂಗ್ರಹಕ್ಕಾಗಿ ಮತ್ತೆ ಅಮೇರಿಕದಲ್ಲಿ ಊರೂರು ತಿರುಗಿದಳು. 1947ರಲ್ಲಿ ಗಂಡುಮಕ್ಕಳಿಗೂ ಅಲ್ಲಿ ಪ್ರವೇಶ ದೊರೆಯಿತು. ಹೆಂಗಸರಿಗೆಂದೇ ಕಟ್ಟಿದ ಸಂಸ್ಥೆಯಲ್ಲಿ ಈ ಬದಲಾವಣೆಯು ಅನೇಕ ಹಳೆಯ ಮಿತ್ರರಿಗೆ ನೋವನ್ನುಂಟುಮಾಡಿತು. ಸಂಸ್ಥೆಯು ಉಳಿಯಬೇಕೆಂಬುದೇ ಐಡಾಳಿಗೆ ಮುಖ್ಯವಾಗಿತ್ತು. ಆಕೆಯ ನಿವೃತ್ತಿಯ ಬಳಿಕ ಭಾರತೀಯಳಾದ ವೈದ್ಯೆ ಹಿಲ್ಡಾ ಲಾಜರಸ್ ಸಂಸ್ಥೆಯ ಹೊಣೆಯನ್ನು ಹೊತ್ತಳು. 1960ನೆಯ ಮೇ 24ರಂದು ಕೊಡೈಕನಾಲಿನಲ್ಲಿ ಐಡಾಳು ತನ್ನ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ದೇಹವನ್ನಿಟ್ಟಳು.

ಆಕೆ ರೋಗಿಗಳ ಸಭೆ ಕೂಡಿಸಿ ಆಲೋಚನೆ ಕೇಳಿದವಳಲ್ಲ; ಏರ್ಪಾಡುಗಳ ಹೊಣೆಯೆಲ್ಲವೂ ಆಕೆಯ ಕೈಯಲ್ಲಿಯೇ ಇತ್ತು. ಆದರೂ ಬಾಗಿಲಿಗೆ ಬಂದವರ ಮಾತನ್ನು ಲಕ್ಷ್ಯಕ್ಕೆ ತಂದುಕೊಂಡು ತನ್ನ ಕಾರ್ಯವನ್ನು ಅದಕ್ಕೆ ಹೊಂದಿಸಿಕೊಂಡಳು. ಆಕೆಯ ಗಾಡಿಯು ಓಡಾಡಿದ ಆ ಸೀಮೆಯ ಕೆ. ವಿ. ಕುಪ್ಪಂನಲ್ಲಿ 1977ರಲ್ಲಿ ಅದೇ ಸಂಸ್ಥೆಯವರು ಗ್ರಾಮಸ್ಥರನ್ನು ಜತೆಗೂಡಿಸಿಕೊಂಡು ಆರೋಗ್ಯಕಾರ್ಯವನ್ನು ಆರಂಭಿಸಿದರು. ಮರದ ನೆರಳಿನಲ್ಲಿ ಬಿತ್ತಿದ ಬೀಜವು ಹೀಗೆ ಬೆಳೆಯಿತು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ದಾದಿಯರಾಗುವಿರಿ, ಕೆಲವರು ವೈದ್ಯೆಯರಾಗುವಿರಿ, ಎಲ್ಲರೂ ಒಂದಲ್ಲ ಒಂದು ದಿನ ರೋಗಿಯ ಮಗ್ಗುಲಲ್ಲಿ ಕುಳಿತುಕೊಳ್ಳುವಿರಿ. ಕೊಡುವ ಕೈಯನ್ನು ಚಾಚುವ ಮುನ್ನ, ಎದುರಿಗಿರುವವರು ಏನನ್ನು ಕೇಳುತ್ತಿದ್ದಾರೆಂಬುದನ್ನು ಕಿವಿಗೊಟ್ಟು ಆಲಿಸಿರಿ. ತಿಂಡಿವನದ ಆ ಮೂವರು ತಾಯಂದಿರ ಹೆಸರು ಯಾವ ಕಲ್ಲಿನ ಮೇಲೂ ಕೆತ್ತಲ್ಪಟ್ಟಿಲ್ಲ. ಆದರೆ ವೆಲ್ಲೂರಿನ ಆಸ್ಪತ್ರೆಯ ಅಸ್ತಿವಾರದಲ್ಲಿ ಮೊದಲ ಕಲ್ಲುಗಳು ಅವರೇ ಆಗಿದ್ದಾರೆ.